ಸೋಂಕಿನಿಂದ ಬರುವ ಕ್ಯಾನ್ಸರ್: ತಡೆಯಬಲ್ಲ ಮರಣಗಳ ಮುಂದೆ ಸಮಾಜದ ಮೌನ

(ಹೊರನಾಡ ಕನ್ನಡಿಗರ ಸಭೆಯೊಂದರಲ್ಲಿ ನೀಡಿದ ಉಪನ್ಯಾಸದ ಪಾಠ)



ಕ್ಯಾನ್ಸರ್ ಎಂಬ ಪದ ಮನೆಯ ಹೊಸ್ತಿಲು ದಾಟಿ ಒಳಗೆ ಬಂದೊಡನೆ ಎರಡು ಬಗೆಯ ಮಾತುಗಳು ಕೇಳಿಬರುತ್ತವೆ. ‘ಹಣೆಯಲ್ಲಿ ಬರೆದದ್ದನ್ನು ತಪ್ಪಿಸಲಾದೀತೇ?’ ಎಂಬ ನಿಟ್ಟುಸಿರು ಒಂದು. ‘ಬೀಡಿ ಮುಟ್ಟಿದವರಲ್ಲ, ಮದ್ಯ ಕಂಡವರಲ್ಲ, ಮಾಂಸ ತಿಂದವರಲ್ಲ, ಇಂಥ ಮನೆಗೆ ಈ ವ್ಯಾಧಿ ಹೇಗೆ ಬಂದಿತು?’ ಎಂಬ ದಿಗ್ಭ್ರಮೆ ಇನ್ನೊಂದು. ಶುದ್ಧ ಆಹಾರ ಮತ್ತು ವ್ಯಸನಮುಕ್ತ ಜೀವನಗಳಿಂದ ಅನೇಕ ರೋಗಗಳು ದೂರವಾಗುತ್ತವೆಂಬುದು ನಿಜ. ಆದರೆ ಅವು ಪೂರ್ಣ ಕವಚವಲ್ಲ. ಕ್ಯಾನ್ಸರ್‌ಗಳಲ್ಲಿ ಒಂದು ಗಣನೀಯ ಭಾಗ ಸೋಂಕಿನಿಂದ, ಅಂದರೆ ವೈರಾಣು, ಬ್ಯಾಕ್ಟೀರಿಯಾ ಹಾಗೂ ಪರಾವಲಂಬಿ ಹುಳುಗಳಿಂದ ಉಂಟಾಗುತ್ತದೆ. ಸೋಂಕನ್ನು ತಡೆಯಲು ಬರುವುದಾದರೆ ಆ ಕ್ಯಾನ್ಸರನ್ನೂ ತಡೆಯಲು ಬರುತ್ತದೆ. ಇಂದಿನ ಉಪನ್ಯಾಸದ ತಿರುಳು ಇಷ್ಟೇ.

ಫ್ರಾನ್ಸಿನ ಲಿಯಾನ್ ನಗರದಲ್ಲಿರುವ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ ಲೆಕ್ಕದಂತೆ 2018ರಲ್ಲಿ ಜಗತ್ತಿನಾದ್ಯಂತ ಸುಮಾರು 22 ಲಕ್ಷ ಹೊಸ ಕ್ಯಾನ್ಸರ್ ಪ್ರಕರಣಗಳಿಗೆ ಸೋಂಕೇ ಕಾರಣವಾಗಿತ್ತು. ಒಟ್ಟು ಪ್ರಕರಣಗಳಲ್ಲಿ ಇದು ನೂರಕ್ಕೆ 13ರಷ್ಟು. ಇವುಗಳಲ್ಲಿ ಅತಿ ದೊಡ್ಡ ಪಾಲು ನಾಲ್ಕು ಸೂಕ್ಷ್ಮಾಣುಗಳದ್ದು. ಜಠರದಲ್ಲಿ ನೆಲೆಸುವ ಹೆಲಿಕೊಬ್ಯಾಕ್ಟರ್ ಪೈಲೊರಿ ಎಂಬ ಬ್ಯಾಕ್ಟೀರಿಯಾ ಸುಮಾರು 8 ಲಕ್ಷ, ಎಚ್‌ಪಿವಿ ಎಂದು ಕರೆಯಲ್ಪಡುವ ಹ್ಯೂಮನ್ ಪ್ಯಾಪಿಲೋಮಾ ವೈರಾಣು ಸುಮಾರು 7 ಲಕ್ಷ, ಯಕೃತ್ತಿನ ಉರಿಯೂತ ತರುವ ಹೆಪಟೈಟಿಸ್ ಬಿ 3.6 ಲಕ್ಷ, ಹೆಪಟೈಟಿಸ್ ಸಿ 1.6 ಲಕ್ಷ ಪ್ರಕರಣಗಳಿಗೆ ಮೂಲವಾಗಿದ್ದವು. ಉಳಿದವು ಸ್ಥಳವಿಶೇಷದವು. ಥಾಯ್ಲೆಂಡಿನ ಈಶಾನ್ಯ ಪ್ರಾಂತದಲ್ಲಿ ಹಸಿ ಮೀನಿನ ಮೂಲಕ ದೇಹ ಸೇರುವ ಯಕೃತ್ ಹುಳು ಪಿತ್ತನಾಳದ ಕ್ಯಾನ್ಸರನ್ನು ತರುತ್ತದೆ. ಈಜಿಪ್ಟಿನ ನೈಲ್ ತೀರದಲ್ಲಿ ಬಸವನಹುಳುಗಳ ಮೂಲಕ ಹರಡುವ ಶಿಸ್ಟೊಸೋಮಾ ಎಂಬ ಹುಳು ಮೂತ್ರಕೋಶದ ಕ್ಯಾನ್ಸರನ್ನು ತಂದಿದೆ.

ಇಲ್ಲಿಯೇ ಒಂದು ಭಯವನ್ನು ನಿವಾರಿಸುವುದು ಅವಶ್ಯ. ಹರಡುವುದು ಸೋಂಕು, ಕ್ಯಾನ್ಸರ್ ಒಬ್ಬರಿಂದ ಇನ್ನೊಬ್ಬರಿಗೆ ಹರಡುವುದಿಲ್ಲ. ರೋಗಿಯ ತಟ್ಟೆ ಲೋಟಗಳನ್ನು ಬೇರೆ ಇಡುವುದು, ಮೊಮ್ಮಕ್ಕಳನ್ನು ಅಜ್ಜಿಯ ಹಾಸಿಗೆಯ ಹತ್ತಿರ ಬಿಡದಿರುವುದು, ಶುಭಕಾರ್ಯಗಳಿಂದ ದೂರ ಕೂರಿಸುವುದು ಮುಂತಾದ ಆಚರಣೆಗಳು ಸುಶಿಕ್ಷಿತ ಮನೆಗಳಲ್ಲಿಯೂ ಉಳಿದಿವೆ. ಇವುಗಳಿಗೆ ವೈದ್ಯಶಾಸ್ತ್ರದ ಆಧಾರವಿಲ್ಲ. ನೊಂದ ಜೀವವನ್ನು ಮತ್ತಷ್ಟು ನೋಯಿಸುವುದೊಂದೇ ಅವುಗಳ ಫಲ.

ಸೋಂಕಿಗೂ ಕ್ಯಾನ್ಸರಿಗೂ ಸಂಬಂಧವಿದೆ ಎಂಬ ವಿಚಾರ ವಿಜ್ಞಾನಿಗಳ ಒಪ್ಪಿಗೆ ಪಡೆಯಲು ಅರ್ಧ ಶತಮಾನವೇ ಬೇಕಾಯಿತು. 1911ರಲ್ಲಿ ನ್ಯೂಯಾರ್ಕಿನ ಪೇಟನ್ ರೌಸ್ ಎಂಬ ವಿಜ್ಞಾನಿ ಕೋಳಿಯೊಂದರ ಗಡ್ಡೆಯನ್ನು ಅರೆದು, ಜೀವಕೋಶಗಳೂ ಬ್ಯಾಕ್ಟೀರಿಯಾಗಳೂ ದಾಟಲಾಗದಷ್ಟು ಸೂಕ್ಷ್ಮವಾದ ಶೋಧಕದಲ್ಲಿ ಸೋಸಿ, ಆ ದ್ರವವನ್ನು ಆರೋಗ್ಯವಂತ ಕೋಳಿಗಳಿಗೆ ಚುಚ್ಚಿದಾಗ ಅವುಗಳಲ್ಲಿಯೂ ಗಡ್ಡೆ ಬೆಳೆದುದನ್ನು ತೋರಿಸಿದರು. ದಶಕಗಳ ಕಾಲ ಅದನ್ನು ಯಾರೂ ಗಂಭೀರವಾಗಿ ಎಣಿಸಲಿಲ್ಲ. ಅವರಿಗೆ ನೊಬೆಲ್ ಪಾರಿತೋಷಕ ದೊರೆತುದು 1966ರಲ್ಲಿ, ಐವತ್ತೈದು ವರ್ಷಗಳ ಅನಂತರ. ಈ ಮಧ್ಯೆ 1926ರ ನೊಬೆಲ್ ಡೆನ್ಮಾರ್ಕಿನ ಯೋಹಾನ್ನೆಸ್ ಫಿಬಿಗರ್ ಅವರಿಗೆ ಸಂದಿತು. ಇಲಿಗಳ ಜಠರದ ಕ್ಯಾನ್ಸರಿಗೆ ಹುಳುವೇ ಕಾರಣವೆಂಬ ಅವರ ನಿರ್ಣಯ ಮುಂದೆ ತಪ್ಪೆಂದು ಸಿದ್ಧವಾಯಿತು. ಸರಿಯಾದ ಶೋಧ ಉಪೇಕ್ಷೆಗೆ ಒಳಗಾಗಿ ತಪ್ಪು ಶೋಧ ಸನ್ಮಾನ ಪಡೆದ ಈ ಚರಿತ್ರೆ ವಿಜ್ಞಾನದ ದೌರ್ಬಲ್ಯವನ್ನು ತೋರಿಸುತ್ತದೆ. ತಪ್ಪನ್ನು ತಾನೇ ತಿದ್ದಿಕೊಳ್ಳುವ ಅದರ ಶಕ್ತಿಯನ್ನೂ ತೋರಿಸುತ್ತದೆ.

ಆ ಬಳಿಕ ಬಾಗಿಲುಗಳು ಒಂದೊಂದಾಗಿ ತೆರೆದವು. ಉಗಾಂಡಾದಲ್ಲಿ ಸೇವೆ ಸಲ್ಲಿಸುತ್ತಿದ್ದ ಶಸ್ತ್ರವೈದ್ಯ ಡೆನಿಸ್ ಬರ್ಕಿಟ್ ಅವರು 1958ರಲ್ಲಿ ಮಕ್ಕಳ ದವಡೆಯ ಒಂದು ವಿಚಿತ್ರ ಗಡ್ಡೆಯನ್ನು ವರ್ಣಿಸಿದರು. ಆ ಗಡ್ಡೆಯ ಕೋಶಗಳಲ್ಲಿ ಎಪ್‌ಸ್ಟೀನ್, ಅಕಾಂಗ್ ಮತ್ತು ಬಾರ್ ಎಂಬ ಸಂಶೋಧಕರು 1964ರಲ್ಲಿ ವೈರಾಣುವನ್ನು ಕಂಡರು. ಬರೂಕ್ ಬ್ಲಂಬರ್ಗ್ ಹೆಪಟೈಟಿಸ್ ಬಿ ವೈರಾಣುವಿನ ಗುರುತನ್ನು ಪತ್ತೆ ಮಾಡಿ 1976ರಲ್ಲಿ ನೊಬೆಲ್ ಪಡೆದರು. ಜರ್ಮನಿಯ ಹರಾಲ್ಡ್ ಟ್ಸೂರ್ ಹೌಸೆನ್ 1983 ಮತ್ತು 1984ರಲ್ಲಿ ಗರ್ಭಕಂಠದ ಕ್ಯಾನ್ಸರಿನಲ್ಲಿ ಎಚ್‌ಪಿವಿಯ 16 ಮತ್ತು 18ನೆಯ ಪ್ರಭೇದಗಳನ್ನು ಗುರುತಿಸಿದರು. ಅವರಿಗೆ 2008ರಲ್ಲಿ ನೊಬೆಲ್ ಸಂದಿತು. ಆಸ್ಟ್ರೇಲಿಯದ ಬ್ಯಾರಿ ಮಾರ್ಷಲ್ ತಮ್ಮ ಮಾತನ್ನು ಯಾರೂ ನಂಬದಿದ್ದಾಗ 1984ರಲ್ಲಿ ಹೆಲಿಕೊಬ್ಯಾಕ್ಟರ್ ಬೆಳೆಸಿದ ದ್ರವವನ್ನು ತಾವೇ ಕುಡಿದು, ಕೆಲವೇ ದಿನಗಳಲ್ಲಿ ಜಠರದ ಉರಿಯೂತಕ್ಕೆ ಒಳಗಾದರು. ಅವರಿಗೂ ರಾಬಿನ್ ವಾರೆನ್ ಅವರಿಗೂ 2005ರಲ್ಲಿ ನೊಬೆಲ್ ಬಂದಿತು.

ಸೂಕ್ಷ್ಮಾಣು ಕ್ಯಾನ್ಸರನ್ನು ಹೇಗೆ ತರುತ್ತದೆ? ಮಾರ್ಗಗಳು ಮುಖ್ಯವಾಗಿ ಎರಡು. ಕೋಶಕ್ಕೆ ಹಾನಿಯಾದಾಗ ಅದರ ಬೆಳವಣಿಗೆಯನ್ನು ನಿಲ್ಲಿಸುವ ಕಾವಲು ಪ್ರೋಟೀನುಗಳು ಪ್ರತಿ ಜೀವಕೋಶದಲ್ಲಿಯೂ ಇವೆ. ಅಪಾಯಕಾರಿ ಎಚ್‌ಪಿವಿ ಪ್ರಭೇದಗಳು ತಯಾರಿಸುವ ಎರಡು ಪ್ರೋಟೀನುಗಳು ಈ ಕಾವಲುಗಾರರನ್ನೇ ನಿಷ್ಕ್ರಿಯಗೊಳಿಸುತ್ತವೆ. ಆಗ ಕೋಶ ತಡೆಯಿಲ್ಲದೆ ವಿಭಜನೆಗೊಳ್ಳುತ್ತ, ದೋಷಗಳನ್ನು ಕೂಡಿಸಿಕೊಳ್ಳುತ್ತ ಹೋಗುತ್ತದೆ. ಇದು ಮೊದಲ ಮಾರ್ಗ. ಹೆಪಟೈಟಿಸ್ ವೈರಾಣುಗಳೂ ಹೆಲಿಕೊಬ್ಯಾಕ್ಟರ್ ಬ್ಯಾಕ್ಟೀರಿಯಾವೂ ಹೆಚ್ಚಾಗಿ ಎರಡನೆಯ ಮಾರ್ಗ ಹಿಡಿಯುತ್ತವೆ: ದೀರ್ಘಕಾಲದ ಉರಿಯೂತ. ಅಂಗಾಂಶ ಸಾಯುತ್ತದೆ, ಮರಳಿ ಬೆಳೆಯುತ್ತದೆ, ಮತ್ತೆ ಸಾಯುತ್ತದೆ. ಈ ನಿರಂತರ ದುರಸ್ತಿಯ ನಡುವೆ ಎಲ್ಲೋ ಒಂದು ಕೋಶ ದಾರಿ ತಪ್ಪುತ್ತದೆ.

ಎರಡೂ ಮಾರ್ಗಗಳಿಗೆ ಸಮಾನವಾದುದು ಕಾಲ. ಸೋಂಕು ತಗುಲಿದಂದಿನಿಂದ ಗರ್ಭಕಂಠದ ಕ್ಯಾನ್ಸರ್ ಬೆಳೆಯುವವರೆಗೆ ಸಾಮಾನ್ಯವಾಗಿ 15ರಿಂದ 20 ವರ್ಷಗಳು ಕಳೆಯುತ್ತವೆ. ಯಕೃತ್ತು ಮತ್ತು ಜಠರಗಳಲ್ಲಿ ದಶಕಗಳೇ ಬೇಕು. ಈ ಅವಧಿಯೇ ಮನುಷ್ಯನಿಗೆ ದೊರೆತ ಅವಕಾಶ. ಸೋಂಕಿಗೆ ಮುಂಚೆ ಲಸಿಕೆ, ಸೋಂಕಿನ ಬಳಿಕ ತಪಾಸಣೆ, ಕೋಶಬದಲಾವಣೆ ಕಂಡೊಡನೆ ಚಿಕ್ಕ ಚಿಕಿತ್ಸೆ. ಮೂರು ಬಾಗಿಲುಗಳನ್ನೂ ತೆರೆಯದೆ ಬಿಟ್ಟಾಗ ಮಾತ್ರ ಕ್ಯಾನ್ಸರ್ ಒಳಗೆ ಬರುತ್ತದೆ.

ಭಾರತದಲ್ಲಿ ಈ ಬಾಗಿಲುಗಳ ಸ್ಥಿತಿ ಹೇಗಿದೆ? ಗರ್ಭಕಂಠದ ಕ್ಯಾನ್ಸರ್ ಈ ದೇಶದ ಸ್ತ್ರೀಯರಲ್ಲಿ ಎರಡನೆಯ ಅತಿ ಸಾಮಾನ್ಯ ಕ್ಯಾನ್ಸರ್. 2022ರ ಅಂತರರಾಷ್ಟ್ರೀಯ ಅಂದಾಜಿನಂತೆ ಒಂದೇ ವರ್ಷದಲ್ಲಿ ಸುಮಾರು 1.27 ಲಕ್ಷ ಸ್ತ್ರೀಯರಿಗೆ ಈ ರೋಗ ಕಾಣಿಸಿಕೊಂಡಿತು. ಸುಮಾರು 80 ಸಾವಿರ ಸ್ತ್ರೀಯರು ಅಸುನೀಗಿದರು. ಅಂದರೆ ದಿನಕ್ಕೆ ಇನ್ನೂರಕ್ಕೂ ಮಿಕ್ಕಿದ ಮರಣಗಳು. ಇನ್ನೂರು ಜನರಿದ್ದ ವಿಮಾನವೊಂದು ದಿನವೂ ಉರುಳಿ ಬಿದ್ದರೆ ಸಂಸತ್ತು ಸ್ತಬ್ಧವಾಗುತ್ತಿತ್ತು, ಮಂತ್ರಿಗಳ ರಾಜೀನಾಮೆ ಕೇಳಲಾಗುತ್ತಿತ್ತು. ಈ ಮರಣಗಳು ಮನೆಯ ಹಿಂಬದಿಯ ಕೋಣೆಗಳಲ್ಲಿ, ಮಧ್ಯವಯಸ್ಸಿನ ತಾಯಂದಿರ ಪಾಲಿಗೆ, ಸದ್ದಿಲ್ಲದೆ ಬರುತ್ತವೆ. ಆದುದರಿಂದ ಅವು ಸುದ್ದಿಯಾಗುವುದಿಲ್ಲ.

ಸುದ್ದಿಯಾಗದಿರುವುದಕ್ಕೆ ಇನ್ನೊಂದು ಕಾರಣ ನಾಚಿಕೆ. ಎಚ್‌ಪಿವಿ ಲೈಂಗಿಕ ಸಂಪರ್ಕದಿಂದ ಹರಡುತ್ತದೆ ಎಂದು ಹೇಳಿದೊಡನೆ ಸಭೆಗಳಲ್ಲಿ ತಲೆಗಳು ಬಾಗುತ್ತವೆ. ಈ ರೋಗಕ್ಕೆ ಶೀಲದ ಲೆಕ್ಕ ಹಚ್ಚುವ ಅಭ್ಯಾಸ ಹಳೆಯದು. 1842ರಲ್ಲಿ ಇಟಲಿಯ ವೆರೋನಾ ನಗರದ ರಿಗೋನಿ ಸ್ಟೆರ್ನ್ ಎಂಬ ವೈದ್ಯರು ಮರಣದಾಖಲೆಗಳನ್ನು ಪರಿಶೀಲಿಸಿ, ಗರ್ಭಾಶಯದ ಕ್ಯಾನ್ಸರ್ ವಿವಾಹಿತೆಯರಲ್ಲಿ ಹೆಚ್ಚು, ಸನ್ಯಾಸಿನಿಯರಲ್ಲಿ ವಿರಳ ಎಂದು ಗುರುತಿಸಿದ್ದರು. ಸೋಂಕಿನ ಸುಳಿವು ಅದರಲ್ಲಿಯೇ ಇತ್ತು. ಆದರೆ ಲೋಕ ಅದರಿಂದ ಕಲಿತುದು ಸ್ತ್ರೀಯನ್ನು ಸಂಶಯಿಸುವ ಪಾಠವನ್ನು. ವಾಸ್ತವವೆಂದರೆ ದಾಂಪತ್ಯಜೀವನ ನಡೆಸುವ ಬಹುತೇಕ ಸ್ತ್ರೀಪುರುಷರಿಗೆ ಒಂದಿಲ್ಲೊಂದು ಕಾಲದಲ್ಲಿ ಈ ವೈರಾಣು ತಗುಲುತ್ತದೆ. ನೂರಕ್ಕೆ 90 ಮಂದಿಯಲ್ಲಿ ಎರಡು ವರ್ಷಗಳೊಳಗೆ ದೇಹವೇ ಅದನ್ನು ಹೊರಹಾಕುತ್ತದೆ. ಉಳಿದುಕೊಂಡ ಕೆಲವರಲ್ಲಿ ಮಾತ್ರ ಅದು ಮುಂದುವರಿಯುತ್ತದೆ. ಒಬ್ಬ ಪತಿಯೊಂದಿಗೆ ಮಾತ್ರ ಬಾಳಿದ ಸ್ತ್ರೀಗೂ, ಪತಿ ತೀರಿಕೊಂಡು ಎಷ್ಟೋ ವರ್ಷಗಳಾದ ವಿಧವೆಗೂ ಈ ರೋಗ ಬರಬಹುದು. ಹೀಗಿರುವಾಗ ರೋಗಿಯ ನಡತೆಯನ್ನು ತೂಗುವುದು ಅಜ್ಞಾನವಷ್ಟೇ ಅಲ್ಲ, ಕ್ರೌರ್ಯ. ವೈರಾಣುವನ್ನು ಹೊರುವವನು ಪುರುಷ, ನರಳುವವಳು ಸ್ತ್ರೀ, ಅಪವಾದ ಹೊರುವವಳೂ ಸ್ತ್ರೀ. ಈ ಅನ್ಯಾಯವನ್ನು ಪ್ರಶ್ನಿಸದ ಸುಧಾರಣೆ ಯಾವ ಸುಧಾರಣೆ?

ನಾಚಿಕೆಯ ಮೂಲಕವೇ ರೋಗಲಕ್ಷಣಗಳೂ ಮುಚ್ಚಿಹೋಗುತ್ತವೆ. ಮುಟ್ಟು ನಿಂತ ಮೇಲೆ ಮರಳಿ ರಕ್ತ ಕಾಣುವುದು, ಎರಡು ಮುಟ್ಟುಗಳ ನಡುವೆ ಅಥವಾ ದೈಹಿಕ ಸಂಪರ್ಕದ ಬಳಿಕ ರಕ್ತಸ್ರಾವವಾಗುವುದು, ದುರ್ಗಂಧದ ಬಿಳಿಸ್ರಾವ ಬಹುಕಾಲ ಉಳಿಯುವುದು, ಇವೆಲ್ಲ ಕೂಡಲೇ ವೈದ್ಯರಿಗೆ ಹೇಳಬೇಕಾದ ಸಂಗತಿಗಳು. ತಾಯಿ ಮಗಳಿಗೂ ಹೇಳದೆ, ಅತ್ತೆ ಸೊಸೆಗೂ ಹೇಳದೆ, ‘ಉಷ್ಣವಾಗಿರಬೇಕು’ ಎಂದು ತಂಪಿನ ಪದಾರ್ಥ ಸೇವಿಸುತ್ತ ತಿಂಗಳುಗಳನ್ನು ಕಳೆಯುತ್ತಾರೆ.

ಮುಂಬೈ, ಪುಣೆಗಳ ಕನ್ನಡಿಗರಿಗೆ ಸೊಲ್ಲಾಪುರ ಜಿಲ್ಲೆಯ ಬಾರ್ಶಿ ಅಪರಿಚಿತವಲ್ಲ. ಅಲ್ಲಿನ ಕ್ಯಾನ್ಸರ್ ಆಸ್ಪತ್ರೆ ಹಾಗೂ ಮುಂಬೈಯ ಟಾಟಾ ಸ್ಮಾರಕ ಕೇಂದ್ರಗಳ ಸಹಭಾಗಿತ್ವದಲ್ಲಿ ಪಕ್ಕದ ಉಸ್ಮಾನಾಬಾದ್ ಜಿಲ್ಲೆಯಲ್ಲಿ, ಅಂದರೆ ಇಂದಿನ ಧಾರಾಶಿವದಲ್ಲಿ, ನಡೆದ ಅಧ್ಯಯನವೊಂದು ಜಗತ್ತಿನ ವೈದ್ಯಕೀಯ ನೀತಿಯನ್ನೇ ಬದಲಿಸಿತು. 30ರಿಂದ 59 ವರ್ಷದ 1,31,746 ಗ್ರಾಮೀಣ ಸ್ತ್ರೀಯರನ್ನು ನಾಲ್ಕು ಗುಂಪುಗಳಾಗಿ ವಿಂಗಡಿಸಿ ಎಂಟು ವರ್ಷಗಳ ಕಾಲ ಗಮನಿಸಲಾಯಿತು. 2009ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಜೀವನದಲ್ಲಿ ಒಂದೇ ಒಂದು ಸಲ ಎಚ್‌ಪಿವಿ ಪರೀಕ್ಷೆಗೆ ಒಳಗಾದ ಗುಂಪಿನಲ್ಲಿ ಗರ್ಭಕಂಠದ ಕ್ಯಾನ್ಸರಿನಿಂದಾದ ಸಾವುಗಳು ಸರಿಸುಮಾರು ಅರ್ಧಕ್ಕೆ ಇಳಿದಿದ್ದವು. ಮುಂಬೈಯ ಕೊಳೆಗೇರಿಗಳಲ್ಲಿ ಸುಮಾರು 1.5 ಲಕ್ಷ ಸ್ತ್ರೀಯರ ನಡುವೆ ನಡೆದ ಇನ್ನೊಂದು ಅಧ್ಯಯನದಲ್ಲಿ, ವೈದ್ಯರಲ್ಲದ ಆದರೆ ತರಬೇತಿ ಪಡೆದ ಮಹಿಳಾ ಕಾರ್ಯಕರ್ತೆಯರು ಅಸಿಟಿಕ್ ಆಮ್ಲದ ತೆಳು ದ್ರಾವಣವನ್ನು, ಎಂದರೆ ಅಡುಗೆಮನೆಯ ವಿನೆಗರಿನಂಥದನ್ನೇ, ಗರ್ಭಕಂಠಕ್ಕೆ ಹಚ್ಚಿ ಬಣ್ಣದ ಬದಲಾವಣೆ ನೋಡಿದರು. ಎರಡು ವರ್ಷಕ್ಕೊಮ್ಮೆ ನಡೆದ ಈ ಸರಳ ಪರೀಕ್ಷೆಯಿಂದ ಸಾವುಗಳು ನೂರಕ್ಕೆ 31ರಷ್ಟು ಕಡಿಮೆಯಾದವು. ಹೋಲಿಕೆಗಾಗಿ ತಪಾಸಣೆಯಿಲ್ಲದೆ ಬಿಡಲಾದ ಗುಂಪುಗಳ ಸ್ತ್ರೀಯರಿಗೆ ನ್ಯಾಯವಾಯಿತೇ ಎಂಬ ನೈತಿಕ ಪ್ರಶ್ನೆ ಈ ಅಧ್ಯಯನಗಳ ಬಗೆಗೆ ಎದ್ದಿತು. ಅದು ಏಳಬೇಕಾದ ಪ್ರಶ್ನೆಯೇ. ಆ ಸ್ತ್ರೀಯರ ಋಣವನ್ನು ತೀರಿಸುವ ಮಾರ್ಗ ಒಂದೇ: ಅವರಿಂದ ದೊರೆತ ಜ್ಞಾನವನ್ನು ದೇಶದ ಪ್ರತಿಯೊಬ್ಬ ಸ್ತ್ರೀಗೂ ತಲುಪಿಸುವುದು.

ತಲುಪಿಸಲಾಯಿತೇ? 2016ರಲ್ಲಿ ಕೇಂದ್ರ ಸರಕಾರ 30ರಿಂದ 65 ವರ್ಷದವರಿಗೆ ಐದು ವರ್ಷಕ್ಕೊಮ್ಮೆ ತಪಾಸಣೆ ನಡೆಸುವ ಮಾರ್ಗಸೂಚಿಯನ್ನು ಹೊರಡಿಸಿತು. ಆದರೆ 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಜೀವನದಲ್ಲಿ ಒಮ್ಮೆಯಾದರೂ ಗರ್ಭಕಂಠದ ತಪಾಸಣೆ ಮಾಡಿಸಿಕೊಂಡ 30ರಿಂದ 49 ವಯಸ್ಸಿನ ಸ್ತ್ರೀಯರು ನೂರಕ್ಕೆ ಇಬ್ಬರೂ ಇರಲಿಲ್ಲ. ತಮಿಳುನಾಡಿನಲ್ಲಿ ಈ ಪ್ರಮಾಣ ನೂರಕ್ಕೆ ಹತ್ತರ ಸಮೀಪವಿತ್ತು. ಇಚ್ಛಾಶಕ್ತಿಯಿದ್ದ ರಾಜ್ಯ ಮುಂದೆ ಸಾಗಬಲ್ಲದೆಂಬುದಕ್ಕೆ ಅದು ಸಾಕ್ಷಿ. ಅತ್ಯುತ್ತಮ ರಾಜ್ಯದಲ್ಲಿಯೂ ನೂರರಲ್ಲಿ ತೊಂಬತ್ತು ಮಂದಿ ಹೊರಗುಳಿದರೆಂಬುದಕ್ಕೂ ಅದೇ ಸಾಕ್ಷಿ.

ತಪಾಸಣೆ ಇಲ್ಲದ ಕಡೆ ಭಯ ವ್ಯಾಪಾರವಾಗುತ್ತದೆ. ‘ಕ್ಯಾನ್ಸರ್ ಆದೀತು’ ಎಂದು ಹೆದರಿಸಿ ಬಡ ಸ್ತ್ರೀಯರ ಗರ್ಭಕೋಶವನ್ನೇ ತೆಗೆದುಹಾಕುವ ದಂಧೆಯ ಬಗ್ಗೆ ಮಹಾರಾಷ್ಟ್ರದ ಬೀಡ್ ಜಿಲ್ಲೆಯ ಕಬ್ಬು ಕಡಿಯುವ ಕಾರ್ಮಿಕರ ನಡುವಿನಿಂದ ದೂರುಗಳು ಎದ್ದಾಗ 2019ರಲ್ಲಿ ರಾಜ್ಯ ಸರಕಾರ ತನಿಖಾ ಸಮಿತಿಯನ್ನು ನೇಮಿಸಬೇಕಾಯಿತು. ಕೆಲವೇ ನಿಮಿಷಗಳ ಪರೀಕ್ಷೆ ಮತ್ತು ಹೊರರೋಗಿ ವಿಭಾಗದಲ್ಲಿಯೇ ಮುಗಿಯುವ ಚಿಕಿತ್ಸೆ ಸಾಕಾಗುವ ಸ್ಥಿತಿಯಲ್ಲಿ ಅಂಗವನ್ನೇ ಕಳೆದುಕೊಳ್ಳಬೇಕಾದುದು ಯಾರ ತಪ್ಪು?

ಇನ್ನು ಲಸಿಕೆಯ ವಿಚಾರ. ಗರ್ಭಕಂಠದ ಕ್ಯಾನ್ಸರಿನಲ್ಲಿ ನೂರಕ್ಕೆ 70ಕ್ಕೂ ಹೆಚ್ಚು ಪ್ರಕರಣಗಳಿಗೆ 16 ಮತ್ತು 18ನೆಯ ಪ್ರಭೇದಗಳೇ ಕಾರಣ. ಈ ಎರಡನ್ನೂ ತಡೆಯುವ ಲಸಿಕೆಗಳು 2006ರಿಂದ ಬಳಕೆಯಲ್ಲಿವೆ. ಇಂಗ್ಲೆಂಡಿನಲ್ಲಿ 12–13ನೆಯ ವಯಸ್ಸಿನಲ್ಲಿ ಲಸಿಕೆಯ ಅವಕಾಶ ಪಡೆದ ತಲೆಮಾರಿನಲ್ಲಿ ಈ ಕ್ಯಾನ್ಸರ್ ನೂರಕ್ಕೆ 87ರಷ್ಟು ಇಳಿಯಿತು. ಸ್ಕಾಟ್ಲೆಂಡಿನಲ್ಲಿ ಅದೇ ವಯಸ್ಸಿನಲ್ಲಿ ಲಸಿಕೆ ಪಡೆದವರಲ್ಲಿ ಒಂದೂ ಪ್ರಕರಣ ಕಂಡುಬರಲಿಲ್ಲವೆಂದು 2024ರಲ್ಲಿ ವರದಿಯಾಯಿತು. ಲಸಿಕೆಯಲ್ಲಿ ಜೀವಂತ ವೈರಾಣುವಿಲ್ಲ. ವೈರಾಣುವಿನ ಹೊರಕವಚದ ಪ್ರೋಟೀನ್ ಮಾತ್ರ ಇರುತ್ತದೆ. ಅದರಿಂದ ಸೋಂಕು ತಗುಲುವ ಸಂಭವವೇ ಇಲ್ಲ. ಪುಣೆಯ ಸೀರಂ ಸಂಸ್ಥೆ ತಯಾರಿಸಿದ ಸರ್ವಾವ್ಯಾಕ್ ಎಂಬ ದೇಶೀಯ ಲಸಿಕೆಗೆ 2022ರಲ್ಲಿ ಅನುಮತಿ ದೊರೆಯಿತು. ಅದರ ಪ್ರೋಟೀನನ್ನು ಯೀಸ್ಟ್ ಕೋಶಗಳಲ್ಲಿ ಬೆಳೆಸಲಾಗುತ್ತದೆ.

ಹೀಗಿದ್ದರೂ ಭಾರತ ಒಂದು ದಶಕಕ್ಕೂ ಮೀರಿ ಏಕೆ ತಡೆದು ನಿಂತಿತು ಎಂಬುದರಲ್ಲಿ ರಾಜಕೀಯದ ದೊಡ್ಡ ಪಾಠವಿದೆ. 2009ರಲ್ಲಿ ಅಮೆರಿಕ ಮೂಲದ ಪಾತ್ ಎಂಬ ಸಂಸ್ಥೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಹಾಗೂ ರಾಜ್ಯ ಸರಕಾರಗಳ ಸಹಯೋಗದಲ್ಲಿ ಅಂದಿನ ಆಂಧ್ರದ ಖಮ್ಮಂ ಮತ್ತು ಗುಜರಾತಿನ ವಡೋದರಾ ಜಿಲ್ಲೆಗಳಲ್ಲಿ ಸಾವಿರಾರು ಬಾಲಕಿಯರಿಗೆ ಲಸಿಕೆ ಹಾಕಿಸಿತು. ಆ ಅವಧಿಯಲ್ಲಿ ಏಳು ಬಾಲಕಿಯರು ತೀರಿಕೊಂಡರು. 2010ರ ಏಪ್ರಿಲಿನಲ್ಲಿ ಕೇಂದ್ರ ಸರಕಾರ ಯೋಜನೆಯನ್ನು ನಿಲ್ಲಿಸಿತು. ಹಾವು ಕಡಿತ, ನೀರಿನಲ್ಲಿ ಮುಳುಗುವಿಕೆ, ಮಲೇರಿಯಾ, ಕೀಟನಾಶಕ ಸೇವನೆ ಮುಂತಾದ ಕಾರಣಗಳು ದಾಖಲಾದವು. ಲಸಿಕೆಗೂ ಸಾವುಗಳಿಗೂ ಸಂಬಂಧ ಕಾಣಲಿಲ್ಲವೆಂದು ತನಿಖೆ ತಿಳಿಸಿತು. ಆದರೆ ಅದೇ ತನಿಖೆಯಿಂದ ಇನ್ನೊಂದು ಸತ್ಯವೂ ಹೊರಬಿದ್ದಿತು. ಆದಿವಾಸಿ ಬಾಲಕಿಯರ ವಸತಿಶಾಲೆಗಳಲ್ಲಿ ತಂದೆತಾಯಿಗಳ ಬದಲು ವಾರ್ಡನ್‌ಗಳೇ ಒಪ್ಪಿಗೆಪತ್ರಗಳಿಗೆ ಸಹಿ ಹಾಕಿದ್ದರು. ದಿಲ್ಲಿಯಲ್ಲಿ ಸಂಸದೀಯ ಸ್ಥಾಯಿ ಸಮಿತಿ 2013ರ ತನ್ನ ವರದಿಯಲ್ಲಿ ಇದನ್ನು ಕಟುವಾಗಿ ಖಂಡಿಸಿತು.

ಸಮಿತಿಯ ಖಂಡನೆ ನ್ಯಾಯವಾದುದು. ಬಡವರ ಮಕ್ಕಳ ಮೈಮೇಲೆ ಅವರ ಹೆತ್ತವರ ಸಮ್ಮತಿಯಿಲ್ಲದೆ ಯಾವ ಒಳಿತನ್ನೂ ಹೇರುವ ಅಧಿಕಾರ ಯಾರಿಗೂ ಇಲ್ಲ. ಆದರೆ ಸಾರ್ವಜನಿಕರ ನೆನಪಿನಲ್ಲಿ ಉಳಿದುದು ‘ಲಸಿಕೆಯಿಂದ ಹುಡುಗಿಯರು ಸತ್ತರು’ ಎಂಬ ಅಸತ್ಯ. ಮರೆಯಾದುದು ‘ಒಪ್ಪಿಗೆ ಕೇಳಲಿಲ್ಲ’ ಎಂಬ ಸತ್ಯ. ಇಂದಿಗೂ ಮೊಬೈಲುಗಳಲ್ಲಿ ಆ ಅಸತ್ಯವೇ ಸುತ್ತುತ್ತಿದೆ. ಒಪ್ಪಿಗೆ ಕೇಳುವ ಒಂದು ಸಣ್ಣ ಕರ್ತವ್ಯವನ್ನು ಆಡಳಿತ ಉಪೇಕ್ಷಿಸಿದುದರಿಂದ ಇಡೀ ಪೀಳಿಗೆಯ ನಂಬಿಕೆ ಕಳೆದುಹೋಯಿತು.

ಆ ಸ್ಥಗಿತದಿಂದಲೇ ಅನಿರೀಕ್ಷಿತವಾದ ಜ್ಞಾನವೊಂದು ಹುಟ್ಟಿತು. ಅದೇ ಸಮಯದಲ್ಲಿ ಲಿಯಾನ್ ಸಂಸ್ಥೆಯ ನೇತೃತ್ವದಲ್ಲಿ, ಬಾರ್ಶಿ, ಪುಣೆ ಮೊದಲಾದ ಕೇಂದ್ರಗಳನ್ನು ಒಳಗೊಂಡು, ಎರಡು ಡೋಸ್ ಸಾಕೇ ಮೂರು ಬೇಕೇ ಎಂಬ ಬೇರೊಂದು ಅಧ್ಯಯನ ನಡೆದಿತ್ತು. ಸರಕಾರದ ಆದೇಶದಿಂದ ಅದೂ ಅರ್ಧಕ್ಕೆ ನಿಂತಿತು. ಸುಮಾರು 17,700 ಬಾಲಕಿಯರಲ್ಲಿ ಐದು ಸಾವಿರದಷ್ಟು ಮಂದಿಗೆ ಒಂದೇ ಡೋಸ್ ದೊರೆತಿತ್ತು. ಸಂಶೋಧಕರು ಅವರನ್ನು ಕೈಬಿಡದೆ ಹತ್ತು ವರ್ಷ ಅನುಸರಿಸಿದರು. 2021ರಲ್ಲಿ ಫಲಿತಾಂಶ ಪ್ರಕಟವಾದಾಗ, 16 ಮತ್ತು 18ರ ದೀರ್ಘಕಾಲೀನ ಸೋಂಕಿನ ವಿರುದ್ಧ ಒಂದು ಡೋಸಿನ ರಕ್ಷಣೆ ನೂರಕ್ಕೆ 95ರ ಆಸುಪಾಸಿನಲ್ಲಿದ್ದು, ಎರಡು ಮೂರು ಡೋಸುಗಳಿಗೆ ಸರಿಸಮವಾಗಿತ್ತು. 2022ರ ಡಿಸೆಂಬರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆ 9ರಿಂದ 20 ವರ್ಷದವರಿಗೆ ಒಂದು ಡೋಸ್ ಕೂಡ ಸಾಕಾಗಬಹುದೆಂದು ತಿಳಿಸಿದುದಕ್ಕೆ ಆಧಾರವಾದ ಅಧ್ಯಯನಗಳಲ್ಲಿ ಇದೂ ಒಂದು. ಬಡ ದೇಶಗಳ ಕೋಟ್ಯಂತರ ಬಾಲಕಿಯರಿಗೆ ಲಸಿಕೆ ಎಟುಕುವಂತೆ ಮಾಡಿದವರಲ್ಲಿ ಭಾರತದ ಹಳ್ಳಿಗಳ ಈ ಬಾಲಕಿಯರೂ ಇದ್ದಾರೆ.

ದೇಶದೊಳಗೆ ಮಾದರಿಯೂ ಇದೆ. ಸಿಕ್ಕಿಂ ರಾಜ್ಯ 2018ರಲ್ಲಿ ಶಾಲೆಗಳ ಮೂಲಕ ಲಸಿಕಾ ಅಭಿಯಾನ ಕೈಗೊಂಡಿತು. ಮುಂಚಿತವಾಗಿಯೇ ಶಿಕ್ಷಕರು, ಪಾಲಕರು ಹಾಗೂ ಪತ್ರಕರ್ತರಿಗೆ ಎಲ್ಲವನ್ನೂ ಬಿಡಿಸಿ ಹೇಳಲಾಯಿತು. ಅರ್ಹ ಬಾಲಕಿಯರಲ್ಲಿ ನೂರಕ್ಕೆ 95ಕ್ಕೂ ಹೆಚ್ಚು ಮಂದಿ ಲಸಿಕೆ ಪಡೆದರು. ಖಮ್ಮಂ ಮತ್ತು ಸಿಕ್ಕಿಂಗಳಲ್ಲಿ ಲಸಿಕೆಯ ಗುರಿ ಒಂದೇ. ಜನರನ್ನು ನಂಬಿ ಅವರೊಡನೆ ಮಾತನಾಡಿದುದು ಒಂದು ಕಡೆ, ಮಾತನಾಡದೆ ಸಹಿ ಹಾಕಿಸಿದುದು ಇನ್ನೊಂದು ಕಡೆ. 2024ರ ಮಧ್ಯಂತರ ಬಜೆಟ್ ಭಾಷಣದಲ್ಲಿ ಕೇಂದ್ರ ಹಣಕಾಸು ಸಚಿವೆ 9ರಿಂದ 14 ವರ್ಷದ ಬಾಲಕಿಯರ ಲಸಿಕೆಗೆ ಉತ್ತೇಜನ ನೀಡುವುದಾಗಿ ಹೇಳಿದರು. ಮಾತು ಮಾತಾಗಿಯೇ ಉಳಿಯದಂತೆ ನೋಡಿಕೊಳ್ಳುವುದು ಮತದಾರರ ಕೆಲಸ. ಶ್ರೀಮಂತರ ಮಗಳು ಖಾಸಗಿ ಆಸ್ಪತ್ರೆಯಲ್ಲಿ ಹಣ ತೆತ್ತು ಪಡೆಯುವ ರಕ್ಷಣೆ, ಆ ಮನೆಯಲ್ಲಿ ಪಾತ್ರೆ ತೊಳೆಯುವವಳ ಮಗಳಿಗೂ ಸರಕಾರಿ ಶಾಲೆಯಲ್ಲಿ ಉಚಿತವಾಗಿ ಸಿಗಬೇಕು.

ಯಕೃತ್ತಿನ ಕಡೆಗೂ ಗಮನ ಹರಿಸಬೇಕಾಗಿದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2022ರಲ್ಲಿ ಭಾರತದ ಸುಮಾರು 3 ಕೋಟಿ ಜನರಲ್ಲಿ ಹೆಪಟೈಟಿಸ್ ಬಿ, ಸುಮಾರು 55 ಲಕ್ಷ ಜನರಲ್ಲಿ ಹೆಪಟೈಟಿಸ್ ಸಿ ನೆಲೆಸಿತ್ತು. ಇವರಲ್ಲಿ ಬಹುಪಾಲು ಜನರಿಗೆ ಅದು ತಿಳಿದೇ ಇಲ್ಲ, ಏಕೆಂದರೆ ನೋವಿಲ್ಲ, ಕಾಮಾಲೆಯಿಲ್ಲ. ಹೆಪಟೈಟಿಸ್ ಬಿ ತಾಯಿಯಿಂದ ಹೆರಿಗೆಯ ವೇಳೆ ಶಿಶುವಿಗೆ ತಗುಲಿದರೆ ನೂರಕ್ಕೆ 90 ಶಿಶುಗಳಲ್ಲಿ ಅದು ಜೀವನಪರ್ಯಂತ ಉಳಿಯುತ್ತದೆ. ವಯಸ್ಕರಿಗೆ ತಗುಲಿದರೆ ಹಾಗೆ ಉಳಿಯುವುದು ನೂರಕ್ಕೆ ಐದಕ್ಕೂ ಕಡಿಮೆ ಜನರಲ್ಲಿ. ಆದುದರಿಂದಲೇ ಹುಟ್ಟಿದ 24 ಗಂಟೆಗಳೊಳಗೆ ಶಿಶುವಿಗೆ ಮೊದಲ ಲಸಿಕೆ ಹಾಕಿಸುವುದು ಅತಿ ಮುಖ್ಯ. ತೈವಾನ್ 1984ರಲ್ಲಿ ಇದನ್ನು ದೇಶವ್ಯಾಪಿಯಾಗಿ ಆರಂಭಿಸಿತು. ಮುಂದಿನ ವರ್ಷಗಳಲ್ಲಿ ಅಲ್ಲಿನ ಮಕ್ಕಳ ಯಕೃತ್ ಕ್ಯಾನ್ಸರ್ ಸ್ಪಷ್ಟವಾಗಿ ಇಳಿಯಿತು. ಲಸಿಕೆಯೊಂದರಿಂದ ಕ್ಯಾನ್ಸರನ್ನು ತಡೆಯಬಹುದೆಂಬುದಕ್ಕೆ ದೊರೆತ ಮೊದಲ ಪುರಾವೆ ಅದು. ಹೈದರಾಬಾದಿನ ಶಾಂತಾ ಬಯೋಟೆಕ್ನಿಕ್ಸ್ 1997ರಲ್ಲಿ ದೇಶೀಯ ಲಸಿಕೆಯನ್ನು ಹೊರತಂದ ಮೇಲೆ, ಅಲ್ಲಿಯವರೆಗೆ ಉಳ್ಳವರಿಗಷ್ಟೇ ನಿಲುಕುತ್ತಿದ್ದ ಲಸಿಕೆಯ ಬೆಲೆ ಇಳಿಯಿತು. ಇಂದು ಅದು ಸರಕಾರದ ಉಚಿತ ಲಸಿಕಾ ಪಟ್ಟಿಯಲ್ಲಿದೆ.

ಹೆಪಟೈಟಿಸ್ ಸಿಗೆ ಲಸಿಕೆಯಿಲ್ಲ, ಆದರೆ ಗುಣಪಡಿಸುವ ಔಷಧಿಯಿದೆ. ಹನ್ನೆರಡು ವಾರಗಳ ಮಾತ್ರೆಗಳಿಂದ ನೂರಕ್ಕೆ 95ರಷ್ಟು ಜನ ಪೂರ್ಣ ಗುಣಹೊಂದುತ್ತಾರೆ. 2018ರ ಜುಲೈ 28ರಂದು ಆರಂಭವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಪರೀಕ್ಷೆಯೂ ಔಷಧಿಯೂ ಉಚಿತ. ಈ ಶತಮಾನದ ಆರಂಭಕ್ಕೆ ಮುಂಚೆ ರಕ್ತ ಪಡೆದವರು, ಹಿಂದೆ ಒಂದೇ ಸೂಜಿಯಿಂದ ಹಲವರಿಗೆ ಚುಚ್ಚುತ್ತಿದ್ದ ದವಾಖಾನೆಗಳಿಗೆ ಹೋದವರು, ಡಯಾಲಿಸಿಸ್‌ಗೆ ಒಳಗಾದವರು, ಜಾತ್ರೆಯಲ್ಲಿ ಹಚ್ಚೆ ಹಾಕಿಸಿಕೊಂಡವರು ಒಮ್ಮೆ ರಕ್ತ ಪರೀಕ್ಷೆ ಮಾಡಿಸಿಕೊಳ್ಳುವುದು ಉಚಿತ. ಕ್ಷೌರದ ಬ್ಲೇಡು, ಹಲ್ಲುಜ್ಜುವ ಬ್ರಷ್ಷುಗಳನ್ನು ಹಂಚಿಕೊಳ್ಳಬಾರದು. ಬೂಷ್ಟು ಹಿಡಿದ ಶೇಂಗಾ, ಜೋಳಗಳಲ್ಲಿ ಬೆಳೆಯುವ ಅಫ್ಲಾಟಾಕ್ಸಿನ್ ಎಂಬ ವಿಷ ಹೆಪಟೈಟಿಸ್ ಬಿ ಇರುವವರಲ್ಲಿ ಯಕೃತ್ ಕ್ಯಾನ್ಸರಿನ ಅಪಾಯವನ್ನು ಹಲವು ಪಟ್ಟು ಹೆಚ್ಚಿಸುತ್ತದೆ. ಕಾಳು ಹಾಳಾಯಿತೆಂದು ಮರುಗದೆ ಎಸೆಯುವುದೇ ಲೇಸು.

ಜಠರದ ಹೆಲಿಕೊಬ್ಯಾಕ್ಟರ್ ಭಾರತದಲ್ಲಿ ಬಾಲ್ಯದಲ್ಲಿಯೇ, ಮನೆಯೊಳಗಿನ ನಿಕಟ ಸಂಪರ್ಕ ಮತ್ತು ಅಶುದ್ಧ ನೀರಿನ ಮೂಲಕ ತಗುಲುವ ಸಾಮಾನ್ಯ ಸೋಂಕು. ಇಷ್ಟೊಂದು ಸೋಂಕಿದ್ದರೂ ದೇಶದ ಬಹುಭಾಗದಲ್ಲಿ ಜಠರದ ಕ್ಯಾನ್ಸರ್ ಅಷ್ಟಾಗಿ ಇಲ್ಲ. ಮಿಜೋರಾಮಿನಲ್ಲಿ ಮಾತ್ರ ಬಹಳ ಹೆಚ್ಚು. ತಂಬಾಕು, ಹೊಗೆಯಾಡಿಸಿದ ಆಹಾರ, ಉಪ್ಪಿನ ಬಳಕೆ ಇವೆಲ್ಲ ಅಲ್ಲಿ ಸೋಂಕಿನೊಡನೆ ಕೈಗೂಡಿಸುತ್ತವೆ. ಆದುದರಿಂದ ಎಲ್ಲರೂ ಪರೀಕ್ಷೆಗೆ ಓಡಬೇಕಾಗಿಲ್ಲ. ಹುಣ್ಣು ಇರುವವರು, ತಂದೆತಾಯಿ ಅಥವಾ ಒಡಹುಟ್ಟಿದವರಿಗೆ ಜಠರದ ಕ್ಯಾನ್ಸರ್ ಬಂದವರು, ವರ್ಷಗಟ್ಟಲೆ ‘ಗ್ಯಾಸ್ಟ್ರಿಕ್’ ಎಂದು ಔಷಧಿ ಅಂಗಡಿಯ ಮಾತ್ರೆ ನುಂಗುತ್ತಿರುವವರು ವೈದ್ಯರನ್ನು ಕೇಳಬೇಕು. ಆ ಮಾತ್ರೆಗಳಲ್ಲಿ ಕೆಲವು ಉಸಿರಿನ ಪರೀಕ್ಷೆಯ ಫಲಿತಾಂಶವನ್ನೇ ತಪ್ಪಿಸುತ್ತವೆ. ವೈದ್ಯರ ಸಲಹೆಯಂತೆ ಎರಡು ವಾರ ಮೊದಲು ಅವನ್ನು ನಿಲ್ಲಿಸಬೇಕಾಗುತ್ತದೆ. ಸೋಂಕು ಖಚಿತವಾದರೆ ಸಾಮಾನ್ಯವಾಗಿ ಎರಡು ವಾರಗಳ ಔಷಧಿ. ಅದನ್ನು ನಡುವೆ ಬಿಡಬಾರದು. ನೀರನ್ನು ಬಟ್ಟೆಯಲ್ಲಿ ಸೋಸುವ ಹಿರಿಯರ ಪದ್ಧತಿ ಹುಳುಹುಪ್ಪಟೆಗಳನ್ನು ತಡೆಯುತ್ತದೆ. ಬ್ಯಾಕ್ಟೀರಿಯಾ ಅದರಲ್ಲಿ ನಿಲ್ಲುವುದಿಲ್ಲ. ಸೋಸಿದ ನೀರನ್ನು ಕುದಿಸಿ ಕುಡಿಯುವ ಪದ್ಧತಿಗೆ ವಿಜ್ಞಾನದ ಪೂರ್ಣ ಸಮ್ಮತಿಯಿದೆ.

ಹಾಗಾದರೆ ಪ್ರತಿ ಕುಟುಂಬದ ಕರ್ತವ್ಯವೇನು? 9ರಿಂದ 14 ವರ್ಷದ ಹೆಣ್ಣುಮಗುವಿಗೆ ಎಚ್‌ಪಿವಿ ಲಸಿಕೆ ಹಾಕಿಸುವುದು; ಎಷ್ಟು ಡೋಸ್ ಎಂಬುದನ್ನು ವೈದ್ಯರಿಂದ ತಿಳಿಯುವುದು. ‘ಇಷ್ಟು ಚಿಕ್ಕ ಹುಡುಗಿಗೆ ಈ ಮಾತೇಕೆ?’ ಎನ್ನುವವರಿಗೆ ಉತ್ತರ ಸರಳ: ಸೋಂಕಿಗೆ ಮುಂಚೆ ಕೊಟ್ಟರೆ ಮಾತ್ರ ಲಸಿಕೆ ಪೂರ್ಣ ಫಲ ಕೊಡುತ್ತದೆ, ಪೋಲಿಯೋ ಹನಿ ಹಾಕಿಸುವಾಗ ಯಾರೂ ಕಾಲಿಗೆ ಬಲ ಕುಂದಲೆಂದು ಕಾಯುವುದಿಲ್ಲ. 30 ದಾಟಿದ ಪ್ರತಿಯೊಬ್ಬ ಸ್ತ್ರೀಯೂ, ಲಸಿಕೆ ಪಡೆದವಳೂ ಕೂಡ, ತಪಾಸಣೆ ಮಾಡಿಸಿಕೊಳ್ಳುವುದು. ಎಚ್‌ಐವಿ ಇರುವವರು 25ರಿಂದಲೇ ಆರಂಭಿಸುವುದು, ಏಕೆಂದರೆ ಅವರಲ್ಲಿ ಅಪಾಯ ಆರು ಪಟ್ಟು. ಗರ್ಭಿಣಿಗೆ ಹೆಪಟೈಟಿಸ್ ಬಿ ಪರೀಕ್ಷೆ, ಶಿಶುವಿಗೆ ಹುಟ್ಟಿದ ದಿನದ ಲಸಿಕೆ. ಪುರುಷರು ಈ ವಿಷಯಗಳನ್ನು ಹೆಂಗಸರ ಕೋಣೆಯ ಮಾತೆಂದು ಬದಿಗೊತ್ತದಿರುವುದು. ತಪಾಸಣೆಗೆ ಹೋಗಲು ಅವಳಿಗೆ ಬೇಕಾದುದು ಅರ್ಧ ದಿನದ ಬಿಡುವು, ಜೊತೆಗೊಬ್ಬರು, ಸಂಶಯವಿಲ್ಲದ ಒಂದು ಮಾತು.

ಸಂಘಸಂಸ್ಥೆಗಳ ಕರ್ತವ್ಯವೂ ಇದೆ. ಉತ್ಸವಗಳ ಮಂಟಪಕ್ಕೆ ತೆರುವ ಹಣದಲ್ಲಿ ಒಂದಂಶದಿಂದ ವರ್ಷಕ್ಕೊಂದು ತಪಾಸಣಾ ಶಿಬಿರ ನಡೆಸಬಹುದು. ಶಿಬಿರದಲ್ಲಿ ದೋಷ ಕಂಡವರನ್ನು ಆಸ್ಪತ್ರೆಯವರೆಗೆ ಮುಟ್ಟಿಸುವ ಹೊಣೆ ಹೊರದಿದ್ದರೆ ಅಂಥ ಶಿಬಿರ ಛಾಯಾಚಿತ್ರಕ್ಕೆ ಮಾತ್ರ ಒದಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಜಗತ್ತಿನ ಮುಂದಿಟ್ಟ ಗುರಿ ಹೀಗಿದೆ: 2030ರೊಳಗೆ 15 ವರ್ಷ ತುಂಬುವ ಮುನ್ನ ನೂರಕ್ಕೆ 90 ಬಾಲಕಿಯರಿಗೆ ಲಸಿಕೆ, 35ನೆಯ ವಯಸ್ಸಿನೊಳಗೊಮ್ಮೆ, 45ರೊಳಗೆ ಮತ್ತೊಮ್ಮೆ ನೂರಕ್ಕೆ 70 ಸ್ತ್ರೀಯರಿಗೆ ಉತ್ತಮ ಪರೀಕ್ಷೆ, ದೋಷ ಕಂಡವರಲ್ಲಿ ನೂರಕ್ಕೆ 90 ಮಂದಿಗೆ ಚಿಕಿತ್ಸೆ. ಚುನಾವಣೆಯಲ್ಲಿ ಮತ ಯಾಚಿಸಲು ಬರುವವರನ್ನು ರಸ್ತೆ, ನೀರುಗಳ ಬಗ್ಗೆ ಕೇಳುವಂತೆಯೇ, ‘ಈ ಕ್ಷೇತ್ರದ ಸರಕಾರಿ ಆಸ್ಪತ್ರೆಯಲ್ಲಿ ಗರ್ಭಕಂಠದ ತಪಾಸಣೆ ವಾರದ ಯಾವ ದಿನ ನಡೆಯುತ್ತದೆ?’ ಎಂದು ಕೇಳಬೇಕು. ಉತ್ತರ ಗೊತ್ತಿಲ್ಲದವನಿಗೆ ಮರುಸಲ ಬರುವಾಗ ತಿಳಿದುಕೊಂಡು ಬರಲು ಹೇಳಬೇಕು.

ಸೂಕ್ಷ್ಮಾಣುವಿಗೆ ಜಾತಿ, ಕುಲ, ಆಚಾರಗಳ ಭೇದವಿಲ್ಲ. ಅದನ್ನು ತಡೆಯುವ ಜ್ಞಾನಕ್ಕೂ ಆ ಭೇದ ಇರಕೂಡದು. ಈ ಸಭೆಯಿಂದ ಮನೆಗೆ ಮರಳಿದ ಮೇಲೆ ಪ್ರತಿಯೊಬ್ಬರೂ ತಮ್ಮ ಮನೆಯ ಒಬ್ಬ ಸ್ತ್ರೀಯನ್ನು, ತಾಯಿ, ಪತ್ನಿ, ಅಕ್ಕ, ಅತ್ತಿಗೆ ಯಾರಾದರೂ ಸರಿ, ‘ತಪಾಸಣೆ ಆಗಿದೆಯೇ?’ ಎಂದು ಕೇಳಿದರೆ ಈ ಉಪನ್ಯಾಸ ಸಾರ್ಥಕ. ಉತ್ತರ ‘ಇಲ್ಲ’ ಎಂದಾದರೆ, ಮುಂದಿನ ವಾರದ ಒಂದು ಬೆಳಗನ್ನು ಅದಕ್ಕಾಗಿ ಮೀಸಲಿಡಲಿ.